ದಾಸವಾಳದ ಮೇಲೆ ಬಿಡಾರ ಹೂಡಿದ ಹಿಟ್ಟು ತಿಗಣೆಗಳ ಸನ್ನಿಧಾನಕ್ಕೆ

ಮಾನ್ಯರೇ,

ಬೇಸಿಗೆಯ ಈ ಉರಿಯಲ್ಲೂ ತಾವು, ತಮ್ಮ ಮಕ್ಕಳು, ಮೊಮ್ಮಕ್ಕಳು ಹಾಗೂ ಇಂದು ಬೆಳಿಗ್ಗೆಯಷ್ಟೇ ಹುಟ್ಟಿದ ಮರಿಮಕ್ಕಳೆಲ್ಲ ಕ್ಷೇಮವಾಗಿ, ದುಂಡು ದುಂಡಗೆ ಕೊಬ್ಬಿಕೊಂಡು ಇರುವುದನ್ನು ಕಣ್ಣಾರೆ ಕಂಡು, ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸಿಲ್ಲ. ಅದಕ್ಕೆ ಬೇಸರವಿಲ್ಲ, ಬಾಯಿ ತುಂಬ ಗಿಡ ಇಟ್ಟುಕೊಂಡವರು ಮಾತಾಡುವುದಾದರೂ ಹೇಗೆ?

ನಾನು ಯಾರೆಂದರೆ, ತಾವು ವಾಸವಿರುವ ಬಾಲ್ಕನಿಯ ಪಕ್ಕದ ಕೋಣೆಯಲ್ಲಿ ದಿನವಿಡೀ ಹೊಲಿಗೆ ಯಂತ್ರ ತುಳಿಯುವಾಕೆ. ತಾವು ಹೀರುತ್ತಿರುವ ಕೆಂಪು ದಾಸವಾಳ ನನ್ನದಲ್ಲ, ನಮ್ಮತ್ತೆಯವರದು. ಬೇರೆಯವರು ನೀರು ಹಾಕಿದರೆ ಆ ಗಿಡ ಮುನಿಸಿಕೊಳ್ಳುತ್ತದೆಂದು ನಂಬಿದ್ದ ಅವರು, ಮಗಳ ಹೆರಿಗೆಗೆಂದು ಹೊರಟಾಗ ನೀರಿನ ಕ್ಯಾನನ್ನು ನನ್ನ ಕೈಗೆ ಕೊಟ್ಟು ‘ನೋಡ್ಕೊಳ್ಳಮ್ಮ’ ಎಂದರು. ಇಷ್ಟು ವರ್ಷವಾದರೂ ಸಾರಿಗೆ ಉಪ್ಪು ಹಾಕುವುದನ್ನೂ ನನಗೆ ಬಿಟ್ಟುಕೊಡದ ಅತ್ತೆ ಹಾಗೆಂದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಈ ಮನೆಯಲ್ಲಿ ನನಗೆ ಸಿಕ್ಕ ಆ ಒಂದೇ ಒಂದು ಬಡ್ತಿಯನ್ನು ತಾವು ಈಗ ಕುಡಿಯಿಂದ ಬುಡದವರೆಗೆ ಹೀರುತ್ತಿದ್ದೀರಿ.

ತಾವು ಬಂದ ಬಗೆಯನ್ನು ಹೊಗಳದಿದ್ದರೆ ನಾಲಿಗೆಗೆ ದೋಷ. ಶಾಲೆ ತೆರೆಯುವ ಮುಂಚೆ ರಾಶಿ ರಾಶಿ ಬಿಳಿ ಸಮವಸ್ತ್ರ ಹೊಲಿಯುವ ಕಾಲ ಇದು. ಕತ್ತರಿ ಆಡಿಸಿದರೆ ಸಾಕು, ಹತ್ತಿಯ ಎಳೆ ಹಾರಿ ಊಟದ ತಟ್ಟೆಯಲ್ಲೂ, ನಮ್ಮ ಮನೆಯವರ ಮೀಸೆಯಲ್ಲೂ ಕೂರುತ್ತದೆ. ಹಾಗಾಗಿ ದಾಸವಾಳದ ಕುಡಿಯಲ್ಲಿ ತಾವು ಬೆಳ್ಳಗೆ ಕುಳಿತದ್ದನ್ನು ಕಂಡು, ಇದೂ ನನ್ನ ಕೈಕೆಲಸವೇ ಎಂದುಕೊಂಡು, ಬಟ್ಟೆಯ ಬ್ರಷ್ಷಿನಿಂದ ನಾಜೂಕಾಗಿ ಒರೆಸಿದೆ. ಅದೇ ಬ್ರಷ್ಷಿನಿಂದ ಪಕ್ಕದ ಮೆಣಸಿನ ಗಿಡ, ಅದರಾಚೆಯ ಬದನೆ, ಮೂಲೆಯ ಟೊಮೆಟೊ, ಎಲ್ಲವನ್ನೂ ದಿನಾ ಒರೆಸಿದೆ. ತಾವು ನಡೆದು ಹೋಗಿದ್ದರೆ ಕಾಲು ಸವೆಯುತ್ತಿದ್ದ ದಾರಿಯನ್ನು ಟಿಕೆಟ್ಟಿಲ್ಲದೆ, ಕೂತಲ್ಲೇ ಕೂರಿಸಿ ದಾಟಿಸಿದವಳು ನಾನು. ಕೊನೆಗೊಂದು ದಿನ ಕನ್ನಡಕ ಏರಿಸಿ, ಸೂಜಿಯ ಮೊನೆಯಿಂದ ಒಂದು ಎಳೆಯನ್ನು ಬಿಡಿಸಹೋದರೆ, ಅಯ್ಯೋ ನನ್ನ ಕರ್ಮವೇ, ಅದು ಎದ್ದು ನಡೆಯಿತು! ನಡೆಯುವ ಹತ್ತಿಯನ್ನು ನಾನು ಈ ವೃತ್ತಿಯಲ್ಲಿ ಎಲ್ಲೂ ಕಂಡಿರಲಿಲ್ಲ.

ನಮ್ಮ ಮನೆಯವರು ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸುವವರು, ಅವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ನೆತ್ತಿ ಸುಡುವ ನಡುಮಧ್ಯಾಹ್ನದಲ್ಲಿ ಅವರು ಬಕೆಟ್ಟಿನ ತುಂಬ ಸೋಪಿನ ನೀರು ಕಲಸಿ ತಮಗೆ ಸುರಿದರು. ಎಲೆಗಳು ಸುಟ್ಟು ಕರಕಲಾದವು, ತಾವು ಮಾತ್ರ ಮಿಂದು ಮಡಿಯಾಗಿ ಇನ್ನಷ್ಟು ಬೆಳ್ಳಗಾದಿರಿ. ಮಾಡೋದೆಲ್ಲ ಮಾಡಿ ಅವರು, ‘ನಿನ್ನ ಕೈಗುಣಾನೇ ಸರಿಯಿಲ್ಲ’ ಎಂದು ಫ್ಯಾನಿನ ಕೆಳಗೆ ಮಲಗಿಬಿಟ್ಟರು.

ಅತ್ತೆಯವರು ದಿನಾ ಸಂಜೆ ಫೋನು ಮಾಡಿ, ಮಗ ಉಂಡನೇ ಎನ್ನುವ ಮೊದಲು ಗಿಡ ಹೇಗಿದೆ ಎನ್ನುತ್ತಾರೆ. ‘ಮೈತುಂಬ ಇದೆ ಅತ್ತೆ’ ಎನ್ನುತ್ತೇನೆ. ಏನು ತುಂಬಿದೆ ಎಂದು ಅವರು ಕೇಳಿಲ್ಲ, ನಾನು ಹೇಳಿಲ್ಲ.

ಭಾನುವಾರ ಅವರು ಬರುತ್ತಾರೆ. ಆದ್ದರಿಂದ ತಮ್ಮಲ್ಲಿ ವಿನಮ್ರ ಕೋರಿಕೆ: ಆ ಒಂದು ದಿನದ ಮಟ್ಟಿಗೆ ತಾವೆಲ್ಲರೂ ಮೈಗೆ ಹಸಿರು ಬಳಿದುಕೊಂಡು, ಉದುರಿದ ಎಲೆಗಳ ಜಾಗದಲ್ಲಿ ಸಾಲಾಗಿ ನಿಂತು, ಗಾಳಿ ಬಂದಾಗ ತುಸು ಅಲುಗಾಡಬೇಕು. ತಾವು ಸುರಿಸುವ ಸಿಹಿ ಅಂಟು ನೆಕ್ಕಲು ಗೋಡೆಯುದ್ದಕ್ಕೂ ಸಾಲುಗಟ್ಟುವ ಇರುವೆಗಳಿಗೆ ರಜೆ ಕೊಡಬೇಕು. ತುದಿಯಲ್ಲಿ ಇನ್ನೂ ಉಳಿದಿರುವ ಒಂದೇ ಒಂದು ಮೊಗ್ಗನ್ನು ಅರಳಲು ಬಿಡಬೇಕು. ನಗಬೇಡಿ, ನನಗೆ ನಿಜವಾಗಿಯೂ ಹೆದರಿಕೆಯಾಗಿದೆ. ಗಿಡ ಹೋದರೆ ಇನ್ನೊಂದು ತರಬಹುದು, ಆ ‘ನೋಡ್ಕೊಳ್ಳಮ್ಮ’ ಮತ್ತೆ ಎಲ್ಲಿಂದ ತರಲಿ?

ವಿಶ್ವಾಸ ಎಂಬುದು ಇನ್ನೂ ಚೂರುಪಾರು ಉಳಿದಿರುವಷ್ಟರ ಮಟ್ಟಿಗೆ,
ತಮ್ಮ ವಿಶ್ವಾಸಿ,
ಬ್ರಷ್ಷು ಹಿಡಿದು ತಮ್ಮನ್ನು ಊರೂರು ಸುತ್ತಿಸಿದ ಹೊಲಿಗೆಯವಳು

ತಾ.ಕ.: ಪತ್ರವನ್ನು ಕುಂಡಕ್ಕೆ ಸಿಕ್ಕಿಸುವಷ್ಟರಲ್ಲಿ ಅತ್ತೆಯವರು ಒಂದು ದಿನ ಮೊದಲೇ ಬಂದುಬಿಟ್ಟರು. ಚೀಲವನ್ನೂ ಇಳಿಸದೆ ನೇರವಾಗಿ ಬಾಲ್ಕನಿಗೆ ಹೋದರು. ನಾನು ದಾರವಿಲ್ಲದ ಯಂತ್ರವನ್ನು ಗಡಗಡ ತುಳಿಯುತ್ತ, ಕೆಲಸದಲ್ಲಿ ಮುಳುಗಿದವಳಂತೆ ಕುಳಿತೆ. ಅವರು ಬಾಗಿಲಲ್ಲಿ ನಿಂತು, ‘ಈ ಬೇಸಿಗೆಯೊಂದೇ ಏನಮ್ಮ, ಪ್ರತಿ ಬೇಸಿಗೆಗೂ ಇದೇ ಗೋಳು, ನಾನೊಬ್ಬಳೇ ಉಜ್ಜಿ ಉಜ್ಜಿ ಸಾಕಾಗಿದ್ದೆ. ಬಾ, ಇಬ್ಬರೂ ಕೂರೋಣ’ ಎಂದು, ತಮ್ಮ ಮಗನ ಹಲ್ಲುಜ್ಜುವ ಬ್ರಷ್ಷನ್ನು ನನ್ನ ಕೈಗಿತ್ತರು. ಬ್ರಷ್ಷಿನ ವಿಷಯವನ್ನು ನಮ್ಮ ಮನೆಯವರಿಗೆ ಇನ್ನೂ ತಿಳಿಸಿಲ್ಲ. ಮಾನ್ಯರೇ, ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತನ್ನು ನಂಬಿ ತಾವು ನಿಶ್ಚಿಂತೆಯಿಂದಿದ್ದಿರಿ. ಈಗ ಎರಡೂ ಕಾಲ ಒಟ್ಟಿಗೇ ಬಂದಿದೆ, ಗಂಟುಮೂಟೆ ಕಟ್ಟಿಕೊಳ್ಳಿ.