ಖಾನಾಪುರದಾಗ ಅರ್ಧ ತಾಸು ಕರೆಂಟ್ ತಗದ ಕಥಿ

ನಾ ಸುಮ್ಮನ ನಿಂತ್ರೂ ಏನಾರ ಒಂದು ಆಗೇ ಆಗತೈತಿ. ನನಗಷ್ಟ ಅಲ್ಲ, ನಾ ನಿಂತ ಜಾಗಾಕ್ಕೂ ಆಗತೈತಿ. ಕರೆಂಟ್ ಹೋದ್ರೂ ಮಷೀನ್ ನಿಲ್ಲದಂಗ ನೋಡಿಕೊಳ್ಳೂ ಪೆಟ್ಟಿಗಿ ಐತೆಲ್ಲ, ಯುಪಿಎಸ್, ಅದನ್ನ ಬೆಳಗಾವಿಯಿಂದ ಒಯ್ದು ಊರೂರಿಗೆ ಕುಂದರಸೂದು ನನ್ನ ಕೆಲಸ. ಅದರ ಬ್ಯಾಟರಿ ಒಂದೊಂದನ್ನ ಇಬ್ಬಿಬ್ಬರು ಎತ್ತತಾರ. ನಾ ಎರಡೂ ಬಗಲಾಗ ಒಂದೊಂದು ಹಿಡಕೊಂಡು, ಎಲಿ ಅಡಕಿ ಮೆಲಕೋತ ಮಾಳಗಿ ಹತ್ತತೀನಿ.

ಹೋದ ವರ್ಷ ಖಾನಾಪುರದಾಗ ಒಂದು ರಕ್ತ ತಪಾಸಣಿ ಲ್ಯಾಬ್ ಹೊಸದಾಗಿ ತಗಿಯೂದಿತ್ತು. ನಮ್ಮ ಇಂಜಿನಿಯರ್ ಸಾಹೇಬ್ರು ಹೊಸಬರು. ಗಾಡಿ ಪೀರನವಾಡಿ ದಾಟೂದ್ರಾಗ ಹೇಳಿಬಿಟ್ರು: "ಕಾಕಾ, ಕರೆಂಟ್ ತಗದು ಅರ್ಧ ತಾಸು ನಡಿಸಿ ತೋರಿಸಿದ್ರಷ್ಟ ಲ್ಯಾಬಿನ ಡಾಕ್ಟರ್ ಸಹಿ ಮಾಡ್ತಾರ. ನಿಮ್ಮಿಂದ ಏನಾರ ಘೋಟಾಳಾ ಆತಂದ್ರ, ನಾಳಿಯಿಂದ ನೀವು ಮನ್ಯಾಗ."

ಮನ್ಯಾಗ ನನ್ನ ಹೆಂಡತಿ ಅದಾಳು. ಆಕಿ ಮುಂದ ನನ್ನ ಒಂದು ಕಥೀನೂ ನಡಿಯೂದಿಲ್ಲ.

೧. ಹೊಸಾ ಕಣ್ಣು

ಸಾಹೇಬ್ರು ಡಾಕ್ಟರ್ ಬಾಯಾರಿಗೆ ತಿಳಿಸಿ ಹೇಳಾಕತ್ತಿದ್ರು: "ಕರೆಂಟ್ ಹೋತಂದ್ರ ಬ್ಯಾಟರಿ ಆ ಕ್ಷಣಕ್ಕ ಹಿಡಕೊಂತೈತ್ರಿ. ನಡುವ ಕತ್ತಲಿ ಅನ್ನೂದ ಇಲ್ಲ."

"ಇರತೈತ್ರಿ," ಅಂದೆ. "ನಾ ನೋಡೀನಿ. ಒಮ್ಮೆ ಅಷ್ಟರಾಗ ಸೀನಿದ್ದೂ ಐತಿ."

ಸಾಹೇಬ್ರ ಮಾರಿ ಕೆಂಪಾತು. "ಕಾಕಾ, ಇಷ್ಟು ಓದಿದ ನನಗ ಕಾಣಲಿಲ್ಲ, ನಿಮಗ ಹೆಂಗ ಕಂಡಿತು?"

"ನಿಮ್ಮ ಕಣ್ಣು ಓದಿ ಓದಿ ಸವದಾವ್ರಿ. ನನ್ನವು ಸಾಲಿಗೇ ಹೋಗಿಲ್ಲ. ಇನ್ನೂ ಹೊಸಾವ ಅದಾವು."

೨. ಕೆಂಪು ಪ್ಲಗ್ಗು

ಯುಪಿಎಸ್ಸಿನ ಪ್ಲಗ್ಗು ಕೆಂಪು ಇರತಾವು. ಮಷೀನು, ಲ್ಯಾಬಿನ ದೀಪಾ ಬಿಟ್ಟು ಬ್ಯಾರೆ ಏನೂ ಅಲ್ಲಿ ಚುಚ್ಚಬಾರದು. ನಾ ಚಹಾ ಕೇಳಿದೆ. ಕಸಾ ಹೊಡಿಯೂ ಮಾವಶಿ ಕರೆಂಟ್ ಒಲಿ ತಂದು ಸೀದಾ ಕೆಂಪಕ್ಕೇ ಚುಚ್ಚಿದ್ಲು. ಪೆಟ್ಟಿಗಿ ಟುಂಯ್ ಟುಂಯ್ ಅಂತ ಒದರಾಕ ಚಾಲೂ ಮಾಡ್ತು.

"ಅಯ್ಯ, ಇದ್ಯಾಕ ಒದರತೈತ್ರೀ?"

"ಮಾವಶಿ, ಹೆಗಲ ಮ್ಯಾಲ ತಾಳಲಾರದಷ್ಟು ಭಾರಾ ಹೊರಿಸೀರಿ. ಒದರದ ಏನ ಮಾಡೀತು?"

"ನಮ್ಮ ಡಾಕ್ಟರ್ ಬಾಯಾರು ದಿನಾ ಒದರತಾರು. ಅವರ ಮ್ಯಾಲ ನಾ ಏನ ಹೊರಿಸೀನ್ರಿ?"

ಬಾಯಾರು ಹಿಂದ ನಿಂತಿದ್ರು. ಒಲಿ ವೈರ್ ಕಿತ್ತು ಮಾವಶಿ ಕೈಯಾಗ ಕೊಟ್ರು. ನನಗಷ್ಟ ಅಂದ್ರು: "ಕಾಕಾ, ಅರ್ಧ ತಾಸಿಗೆ ಒಂದು ನಿಮಿಷ ಕಡಿಮಿ ಆದ್ರೂ ಸಹಿ ಇಲ್ಲ."

೩. ಅರ್ಧ ತಾಸು

ಮೇನ್ ಸ್ವಿಚ್ ಇದ್ದದ್ದು ಹಿತ್ತಲ ಗ್ವಾಡಿಗೆ. ನಾ ಹೋಗಿ ಖಟ್ಟನ ಇಳಿಸಿ ಬಂದೆ. ಒಳಗ ಒಂದು ದೀಪಾನೂ ಆರಲಿಲ್ಲ. ಹತ್ತು ನಿಮಿಷ ಆತು, ಅರ್ಧ ತಾಸಾತು, ನಲವತ್ತು ನಿಮಿಷ ಆತು.

"ಕಾಕಾ, ಬ್ಯಾಟರಿ ಮ್ಯಾಲ ನಡದಾಗ ಇದು ಟುಂಯ್ ಅನಬೇಕಲ್ಲ? ಯಾಕ ಅನವಲ್ತು?" ಅಂದ್ರು ಸಾಹೇಬ್ರು.

"ಸುಖದಾಗ ಐತ್ರಿ. ಬ್ಯಾಟರಿ ಹೊತ್ತದ್ದು ನನ್ನ ಕೈ ಅಲ್ಲೇನ್ರಿ? ಊರೂ ಹೆಂಗ ಸಪ್ಪಳಿಲ್ಲದ ತಣ್ಣಗಾಗೇತಿ ನೋಡ್ರಿ."

ಬಾಯಾರು ಪೆನ್ನು ತಗದ್ರು. ಅಷ್ಟರಾಗ ಬಾಜೂಕಿನ ಹಿಟ್ಟಿನ ಗಿರಣಿಯಾಂವ ಒಳಗ ನುಗ್ಗಿದ. ಹುಬ್ಬಿನ ತನಕಾ ಹಿಟ್ಟು.

"ನನ್ನ ಗಿರಣಿ ಮೇನ್ ಇಳಿಸಿದಾಂವ ಯಾಂವ ಲೇ?"

ಗ್ವಾಡಿಗೆ ಎರಡು ಮೇನ್ ಇದ್ವು. ನಾ ಇಳಿಸಿದ್ದು ಗಿರಣೀದು; ಗಿರಣಿ ಸಪ್ಪಳ ನಿಂತು ಊರು ತಣ್ಣಗಾಗಿದ್ದು ಅದಕ್ಕ! ನನಗ ಆಗಲೇ ಹೆಂಡತಿ ಮಾರಿ ಕಣ್ಣ ಮುಂದ ಬಂತು.

"ನೀವೂ ಸ್ವಲ್ಪ ರುಚಿ ನೋಡ್ರಿ," ಅಂತ ಅಂವ ಹಿತ್ತಲಕ್ಕ ಹೋಗಿ ನಮ್ಮ ಮೇನ್ ಇಳಿಸಿ, ಅದರ ಮುಂದ ಚಕ್ಕಳಮಕ್ಕಳ ಹಾಕಿ ಕುಂತ. ಪೆಟ್ಟಿಗಿ ಟುಂಯ್ ಅಂತು. ದೀಪಾ ಹಂಗ ಉರಿದ್ವು. ಸಾಹೇಬ್ರು ಗಡಿಯಾರ ನೋಡಿ ಪಿಸುಗುಟ್ಟಿದ್ರು: "ಯಾರೂ ಅವನ್ನ ಸಮಾಧಾನ ಮಾಡಬ್ಯಾಡ್ರಿ!"

ಗಿರಣಿಗೆ ಡಬ್ಬಿ ತಂದಿದ್ದ ಹೆಣ್ಮಕ್ಕಳು "ಎದ್ದು ಬಾರೋ, ಹಿಟ್ಟು ಬೀಸು" ಅಂತ ಬೈದ್ರು. ಅಂವ ಏಳಲಿಲ್ಲ. ಅರ್ಧ ತಾಸಿಗೆ ಎರಡು ನಿಮಿಷ ಜಾಸ್ತೀನ ಕುಂತ. ಆಮ್ಯಾಲ ಕಿಡಕ್ಯಾಗ ಹಣಿಕಿ ಹಾಕಿ, "ದೀಪಾ ಇನ್ನೂ ಯಾಕ ಆರವಲ್ವು?" ಅಂದ. ಬಾಯಾರು ನಕ್ಕೋತ ಸಹಿ ಹೊಡದ್ರು.

ಗಾಡಿ ಹತ್ತೂ ಮುಂದ ಸಾಹೇಬ್ರು ಅಂದ್ರು, "ಕಾಕಾ, ತಪ್ಪು ಮೇನ್ ಇಳಿಸಿದ್ರಿ."

"ತಪ್ಪು ಹೆಂಗ್ರಿ? ಇಷ್ಟು ನಿಷ್ಠೆಯಿಂದ ಅರ್ಧ ತಾಸು ಸ್ವಿಚ್ ಕಾಯೂ ಮನಶಾ ಸುಮ್ಮ ಸುಮ್ಮನ ಸಿಗತಾನ? ಮೊದಲ ಸಿಟ್ಟಿಗೆ ಎಬ್ಬಿಸಬೇಕಾಗತೈತಿ!"