ಮೂವತ್ತು ಡಿಗ್ರಿಯ ಸುತ್ತೋಲೆ

ಹೊನ್ನಾವರದ ನಮ್ಮ ಸಂಶೋಧನಾ ಕೇಂದ್ರದಲ್ಲಿ, ದಾಸ್ತಾನು ಸಂಖ್ಯೆ ಬಿದ್ದ ಯಾವ ವಸ್ತುವೂ ಆದೇಶವಿಲ್ಲದೆ ಇದ್ದ ಜಾಗದಿಂದ ಕದಲತಕ್ಕದ್ದಲ್ಲ. ಮೇಜು ಕದಲಿಲ್ಲ, ಕಪಾಟು ಕದಲಿಲ್ಲ. ದಾಸ್ತಾನು ಗುಮಾಸ್ತ ಮಹಾಗಣಪತಿ, ಅಂದರೆ ನಾನು, ಇರುವಾಗ ಕದಲುವುದುಂಟೆ?

ಅಂಥಲ್ಲಿಗೆ ಮುರ್ಡೇಶ್ವರದ ಅಂಕಿತಾ ಅರ್ಜಿ ಹಿಡಿದು ಬಂದಳು. ಗಾಳಿ ತೆಗೆದ ಉಕ್ಕಿನ ಡಬ್ಬಿಯೊಳಗೆ ಚೂರು ನೈಟ್ರೋಜನ್ ಬಿಟ್ಟು, ಅದಕ್ಕೆ ಎಲೆಕ್ಟ್ರಾನ್ ಹಾಯಿಸಿ, ಅಣುಗಳಿಗೆ ತಾಗಿದವು ಯಾವ ದಿಕ್ಕಿಗೆ ಎಷ್ಟು ಚದುರಿದವೆಂದು ಎಣಿಸುವುದು ಅವಳ ಪಿಎಚ್.ಡಿ. ಮಾರ್ಚ್ ಕೊನೆಯೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು, ಆರು ವರ್ಷ ನೀರುಪಾಲು.

“ಎಣಿಸುವ ಯಂತ್ರ ಮೂವತ್ತು ಡಿಗ್ರಿಯಲ್ಲುಂಟು ಸರ್. ನಲವತ್ತಕ್ಕೆ ಸರಿಸ್ಬೇಕು.”

“ಎಂತಕ್ಕೆ ತಂಗಿ? ಅಲ್ಲಿ ಎಂತ ತೊಂದ್ರೆ ಆತು ಅದ್ಕೆ?”

“ತೊಂದ್ರೆ ಎಂತದೂ ಇಲ್ಲ. ಎಲೆಕ್ಟ್ರಾನು ಎಲ್ಲಾ ದಿಕ್ಕಿಗೂ ಹೋಗ್ತದೆ.”

“ಹೋಗ್ಲಿಕ್ಕೆ ಹೇಳಿದ್ದು ಯಾರು?”

ಹುಡುಗಿ ಉತ್ತರ ಹುಡುಕುವಂತೆ ತನ್ನ ಅರ್ಜಿಯನ್ನೇ ತಿರುಗಿಸಿ ನೋಡಿದಳು. ಇಷ್ಟು ಓದಿ ಎಂತ ಬಂತು!

ಆದರೂ ನಾನೇನು ಕಟುಕನಲ್ಲ. ಹತ್ತು ಡಿಗ್ರಿಯ ವರ್ಗಾವಣೆ ಕೋರಿ ಕಡತ ಕಳಿಸಿದೆ. ‘ಯಂತ್ರವು ಸದರಿ ಸ್ಥಳದಲ್ಲಿ ಮೂರು ವರ್ಷ ಪೂರೈಸಿರುವುದಿಲ್ಲ’ ಎಂದು ವಾಪಸು ಬಂತು. ಅಂಕಿತಾ ನನ್ನ ಮೇಜಿನ ಎದುರೇ ಅತ್ತಳು. ಆಗ ನನಗೆ ಹೊಳೆಯಿತು: ದಾಸ್ತಾನು ಸಂಖ್ಯೆ ಇರುವುದು ಯಂತ್ರಕ್ಕೆ, ಎಲೆಕ್ಟ್ರಾನಿಗಲ್ಲವಲ್ಲ! ಒಂದು ಸುತ್ತೋಲೆ ಬರೆದೆ; ಮೂರೇ ದಿನದಲ್ಲಿ ಅದಕ್ಕೆ ನಿರ್ದೇಶಕರಾದ ಶ್ರೀಕೃಷ್ಣ ಹೆಗಡೆಯವರ ಸಹಿಯಾಯಿತು.

‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ಎಲ್ಲ ಎಲೆಕ್ಟ್ರಾನುಗಳೂ ಇನ್ನು ಮುಂದೆ ಮೂವತ್ತು ಡಿಗ್ರಿಯಲ್ಲಿಯೇ ಚದುರತಕ್ಕದ್ದು. ಅನ್ಯ ದಿಕ್ಕಿಗೆ ತೆರಳಿದವುಗಳನ್ನು ಅನಧಿಕೃತ ಗೈರುಹಾಜರಿ ಎಂದು ಪರಿಗಣಿಸಲಾಗುವುದು.’

ಒಂದು ಪ್ರತಿಯನ್ನು ಡಬ್ಬಿಗೆ ಅಂಟಿಸಿದೆವು. ಎಲೆಕ್ಟ್ರಾನುಗಳಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ.

ಮೂವತ್ತು ಡಿಗ್ರಿಯ ಅಳತೆಯನ್ನಷ್ಟೇ ಬರೆದು ಅಂಕಿತಾ ಮಾರ್ಚಿನೊಳಗೆ ಪ್ರಬಂಧ ಕೊಟ್ಟಳು. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಕನ್ನಡಕ ಏರಿಸಿ ಕೇಳಿದರು: “ಉಳಿದ ಕೋನಗಳ ಅಳತೆ ಎಲ್ಲಿ?”

ಅಂಕಿತಾ, ಕಡತ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದಳು. ಆಮೇಲೆ ಸುತ್ತೋಲೆಯನ್ನು ಮುಂದಿಟ್ಟಳು.

ಹಿರಿಯರು ಎರಡು ಸಲ ಓದಿದರು. ಮೊಹರನ್ನು ಬೆಳಕಿಗೆ ಹಿಡಿದರು. “ಇದು ಆರ್ಗಾನಿಗೂ ಅನ್ವಯವೋ?”

“ಎಲ್ಲ ಅನಿಲಕ್ಕೂ ಸರ್.”

“ಮೊದಲೇ ಹೇಳಬಾರದೇನಮ್ಮ!” ಎಂದು ಸಹಿ ಹಾಕಿದರು.

ಡಾಕ್ಟರ್ ಅಂಕಿತಾ ಈಗ ಕುಮಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಎಲೆಕ್ಟ್ರಾನು ಮೂವತ್ತು ಡಿಗ್ರಿಯಲ್ಲಿ ಚದುರುತ್ತದೆ ಎನ್ನುತ್ತಾಳೆ, ಮಕ್ಕಳು ಬರೆದುಕೊಳ್ಳುತ್ತಾರೆ. ಕಳೆದ ಪರೀಕ್ಷೆಯಲ್ಲಿ ‘ಎಲ್ಲಾ ದಿಕ್ಕಿಗೂ’ ಎಂದು ಬರೆದವಳು ದೀಕ್ಷಾ ಎಂಬ ಹುಡುಗಿ ಒಬ್ಬಳೇ. ಅವಳಿಗೆ ಸೊನ್ನೆ ಕೊಟ್ಟದ್ದು ಅಂಕಿತಾಳೇ.