ಹೊಸ ಗ್ರಹಕ್ಕೂ ಚರಗ

ನಮ್ಮ ಸೋದರತ್ತೆ ನೋಡದ ಗ್ರಹವಿಲ್ಲ. ಬೆಳಕಿಗಿಂತ ಜೋರಾಗಿ ಓಡುವ ನೌಕೆಯಲ್ಲಿ ಕೂತು ನಕ್ಷತ್ರಗಳ ಸಂದುಗೊಂದಿಗಳಲ್ಲೆಲ್ಲ ಅಡ್ಡಾಡಿ ಬಂದಿದ್ದಾಳೆ. ಆದರೆ ಗಂಗಾವತಿಯಿಂದ ಕುಷ್ಟಗಿ ಬಸ್ಸಿಗೆ ಹತ್ತಿಸಿ ನೋಡಿ, ತಾವರಗೇರಾ ಬರುವಷ್ಟರಲ್ಲಿ ತಲೆ ಕಿಟಕಿಯಾಚೆ! ಮೂಗಿಗೆ ನಿಂಬೆಹಣ್ಣು ಹಿಡಿಯದೆ ಅವಳು ಪ್ರಯಾಣ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಇರಬೇಕು, ಅವಳ ಕಾದಂಬರಿಗಳ ಗಗನಯಾತ್ರಿಗಳೆಲ್ಲ ಹೊರಡುವ ಮೊದಲು ಒಂದೊಂದು ನಿಂಬೆಹಣ್ಣು ಮೂಸುತ್ತಾರೆ.

ಅತ್ತೆ ಗಂಗಾವತಿಯ ಕಾಲುವೆ ಕಚೇರಿಯಲ್ಲಿ ಟೈಪಿಸ್ಟ್. ಹಗಲು ಭತ್ತದ ಗದ್ದೆಗಳಿಗೆ ನೀರು ಬಿಡುವ ಆದೇಶ, ಸಂಜೆ ಮನೆಯಲ್ಲಿ ಅನ್ಯಗ್ರಹ. ಮೊದಲ ಕಾದಂಬರಿಯಲ್ಲೇ ಹಾರುವ ತಟ್ಟೆಯನ್ನು ನಮ್ಮ ಕಡೆಯ ಹಳ್ಳಿ ಹುಲಿಹೈದರದ ಹತ್ತಿರ ಇಳಿಸಿದ್ದಳು. ಅಂಥ ಕಡೆ ಇಳಿಸಿದರೆ ಓದುಗರು ನಂಬುವುದಿಲ್ಲವೆಂದು ಪತ್ರಿಕೆಯ ಸಂಪಾದಕರೊಬ್ಬರು ಫೋನು ಮಾಡಿದರು.

"ಯಾಕ್ರಿ, ಹುಲಿಹೈದರದಾಗ ಬಯಲು ಜಾಗ ಇಲ್ಲೇನ್ರಿ? ನಿಮ್ಮ ಊರಾಗ ಇಳಿಸಿದ್ರ ಪಾರ್ಕಿಂಗ್ ಎಲ್ಲಿ ಮಾಡ್ತೀರಿ?" ಅಂದಳು ಅತ್ತೆ. ಕಾದಂಬರಿ ವಾಪಸು ಬಂತು. ತಟ್ಟೆ ಮಾತ್ರ ಹುಲಿಹೈದರದಿಂದ ಕದಲಲಿಲ್ಲ.

ಬಂಧುಗಳಿಗೆ ಇವಳದೊಂದು ತಲೆನೋವು. ಸಿದ್ದಾಪುರದ ಮದುವೆಯೊಂದರಲ್ಲಿ ನಮ್ಮ ದೊಡ್ಡವ್ವ ಎಲ್ಲರೆದುರೇ ಕೇಳಿಬಿಟ್ಟಳು: "ಬರ್ಯಾದಾದ್ರ ಅತ್ತಿ ಸೊಸಿ ಜಗಳ ಬರೀಬಾರದೇನ ತಂಗಿ? ಮಂದಿ ಓದ್ತಾರ."

"ಅದು ನಿಮ್ಮ ಮನ್ಯಾಗ ದಿನಾ ನಡೀತೈತಲ್ಲ ಅಕ್ಕಾ, ಮತ್ತ ಬರ್ಯೂದ್ಯಾಕ?"

ದೊಡ್ಡವ್ವ ಅವತ್ತು ಊಟದ ಪಂಕ್ತಿಯನ್ನೇ ಬದಲಿಸಿದಳು.

ಇಂಥವಳಿಗೆ ಕಡೆಗೂ ಒಂದು ಕೆಲಸ ಸಿಕ್ಕಿತು. ಟಿ.ವಿ.ಯ ಮಕ್ಕಳ ಧಾರಾವಾಹಿಯೊಂದರಲ್ಲಿ ಕಬ್ಬಿಣದ ಮುಖವಾಡದ ವೀರನೊಬ್ಬ ಗ್ರಹದಿಂದ ಗ್ರಹಕ್ಕೆ ಹಾರುತ್ತಾನೆ. ಅವನ ಹೊಸ ಸಾಹಸಗಳನ್ನು ಕನ್ನಡದಲ್ಲಿ ಪುಸ್ತಕ ಮಾಡಲು ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಅನುಮತಿ ತಂದಿದ್ದರು. ವೀರ ಧಾರಾವಾಹಿ ಮಾಡುವ ಮುಂಬೈ ಕಂಪನಿಯವನು, ಕತೆ ಅತ್ತೆಯದು. ಅವನು ಸಾಯಬಾರದು, ಮದುವೆಯಾಗಬಾರದು, ಮುಖವಾಡ ತೆಗೆಯಬಾರದು ಎಂಬುದು ಕಂಪನಿಯ ಷರತ್ತು.

"ಮಾರಿಗೆ ಕಬ್ಬಿಣ ಬಡಕೊಂಡು ಉಣ್ಣೂದು ಹ್ಯಾಂಗ್ರಿ ಅಂವ?" ಎಂದು ಅತ್ತೆ ಪ್ರಕಾಶಕರನ್ನು ಕೇಳಿದಳು.

"ಅಂವ ಉಣ್ಣೂದಿಲ್ರಿ ಮೇಡಂ."

"ಉಣ್ಣದವನ ಕತಿ ನಾ ಹ್ಯಾಂಗ ಬರೀಲ್ರಿ?"

ಆದರೂ ಬರೆದಳು, ಒಂದಾದ ಮೇಲೊಂದು. ಹುಡುಗರು ಮುಗಿಬಿದ್ದು ಓದಿದರು. ಮುಖಪುಟದ ತುಂಬ ವೀರನ ಮುಖವಾಡವೇ, ಬರೆದವಳ ಹೆಸರಿಗೆ ಜಾಗವೇ ಇಲ್ಲ! ಒಮ್ಮೆ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ, "ಇದನ್ನ ಬರದಾಕಿ ನಾನ" ಎಂದು ಹೆಮ್ಮೆಯಿಂದ ಹೇಳಿದಳು. ಅಂಗಡಿಯವನು ಪುಸ್ತಕ ಹಿಂದೆಮುಂದೆ ತಿರುಗಿಸಿ, "ನಿಮ್ಮ ಹೆಸರು ಎಲ್ಲೈತ್ರಿ ಅಕ್ಕಾರ?" ಎಂದ. ಎಂಥ ಮಾತಿಗೂ ಎದುರುತ್ತರ ಇಟ್ಟುಕೊಂಡಿರುವ ಅತ್ತೆ ಅವತ್ತು ಪುಸ್ತಕವನ್ನು ಅದರ ಜಾಗದಲ್ಲಿಟ್ಟು ಮನೆಯ ದಾರಿ ಹಿಡಿದಳು.

ಹಾಗಾಗಿ ಈ ವರ್ಷ, ಹೊಸ ಪುಸ್ತಕಕ್ಕೆ ಅತ್ತೆಯ ಹೆಸರು ಹಾಕಲು ಕಂಪನಿ ಒಪ್ಪಿದೆಯೆಂದು ಪ್ರಕಾಶಕರು ಹೇಳಿದಾಗ ಓಣಿಗೆಲ್ಲ ಪೇಢೆ ಹಂಚಿದೆವು. ಪೇಢೆಯ ಸಿಹಿ ಬಾಯಲ್ಲಿರುವಾಗಲೇ ಇನ್ನೊಂದು ಫೋನು ಬಂತು. ಕಂಪನಿಗೆ ಅದರಲ್ಲಿ ಒಂದು ಪುಟ ಮಾತ್ರ ಬೇಡವಂತೆ.

ಆ ಪುಟದಲ್ಲಿದ್ದದ್ದು ಇಷ್ಟು. ವೀರ ಹೊಸ ಗ್ರಹದಲ್ಲಿ ಇಳಿಯುತ್ತಾನೆ. ಧ್ವಜ ನೆಡುವ ಬದಲು, ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಮಾಡುವ ಹಾಗೆ, ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯ ಕಲಸಿ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಭೂತಾಯಿಗೆ ಎಡೆಯೆಂದು ನೆಲಕ್ಕೆ ಚರಗ ಚೆಲ್ಲುತ್ತಾನೆ. ನಾನು ವಿಜ್ಞಾನದ ಮಾಸ್ತರ, ಸುಮ್ಮನಿರಲು ಆಗುತ್ತದೆಯೇ? "ಅತ್ತಿ, ಅಲ್ಲಿ ಗಾಳಿ ಇಲ್ಲ, ಕೂಗಿದ್ರ ಕೇಳೂದಿಲ್ಲ" ಎಂದು ಮೊದಲೇ ಹೇಳಿದ್ದೆ. "ಕೇಳಬೇಕಾದವರಿಗೆ ಕೇಳ್ತೈತಿ, ನೀ ಸುಮ್ಮನಿರು" ಅಂದಿದ್ದಳು.

ಪ್ರಕಾಶಕರು ಪಾಪ, ಗೋಗರೆದರು. "ಧ್ವಜ ನೆಡಿಸಿಬಿಡ್ರಿ ಮೇಡಂ. ಚರಗ ತಗೀರಿ, ಹೆಸರು ಬರ್ತೈತಿ. ಇಲ್ಲಾಂದ್ರ ಪುಸ್ತಕಾನ ಬರೂದಿಲ್ಲ ಅಂತಾರ್ರಿ."

"ಯಾರದೋ ನೆಲಕ್ಕ ಹೋಗಿ ಮೊದಲ ಗೂಟ ಬಡ್ಯೂದೇನ್ರಿ? ಅದಕ್ಕ ಒಂದು ತುತ್ತು ಹಾಕಬೇಕು. ನಾ ತಗ್ಯೂದಿಲ್ಲ."

"ಹೀರೋ ಅವರಾಂವ ಅಲ್ರೀ ಮೇಡಂ?"

"ಹೀರೋ ಅವರಾಂವ, ಒಯ್ಯಲಿ. ಗ್ರಹ ನಂದು."

ಫೋನು ಇಟ್ಟಳು. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ವರ್ಷ ಕಾದದ್ದನ್ನು ಯಾರಾದರೂ ಹೀಗೆ ಕಾಲಿಂದ ಒದೆಯುತ್ತಾರೆಯೇ? "ಒಂದು ಪುಟ ತಗದಿದ್ರ ಗಂಟೇನು ಹೋಗ್ತಿತ್ತು ನಿಂದು? ನಮಗ ಹೊಲ ಐತೇನು, ಮನಿ ಐತೇನು? ನಿನಗ್ಯಾಕ ಬೇಕಿತ್ತು ಚರಗ?" ಎಂದು ರೇಗಿದೆ.

ಅತ್ತೆ ತಿರುಗಿ ರೇಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸುತ್ತ ಹೇಳಿದಳು: "ಇಲ್ಲಂತನ ಬೇಕಿತ್ತೋ ತಮ್ಮಾ. ನಿಮ್ಮಜ್ಜ ಅಳವಂಡ್ಯಾಗ ಜಲ್ಮ ಪೂರ್ತಿ ಸಾವ್ಕಾರ್ರ ಚರಗದ ಬುಟ್ಟಿ ಹೊತ್ತ. ಚೆಲ್ಲೂದು ಹೊಲ ಇದ್ದವರು, ಹೊರೂದು ಇಂವ. ಸಣ್ಣಾಕಿದ್ದಾಗ ಕೇಳಿದ್ದೆ, ಅಪ್ಪಾ, ನೀ ಯಾವಾಗ ಚೆಲ್ಲತಿ ಅಂತ. ನಮ್ಮ ನೆಲ ಯಾವುದವ್ವಾ ಅಂದ. ಹೊಲ ಕೊಡಸಾಕ ನನ್ನ ಕೈಲೆ ಆಗಲಿಲ್ಲ. ಆಮ್ಯಾಲ ಅವನೂ ಹೋದ."

ನಾನೆದ್ದು ಅಂಗಡಿಗೆ ಹೋಗಿ ಟೈಪಿಗೆ ಒಂದು ಕಟ್ಟು ಹಾಳೆ ತಂದು ಅವಳ ಮುಂದಿಟ್ಟೆ.

ಮುಖವಾಡದ ವೀರ ಮುಂಬೈಗೆ ವಾಪಸಾದ. ಅತ್ತೆ ಇಡೀ ಕಾದಂಬರಿಯನ್ನು ಮತ್ತೆ ಟೈಪ್ ಮಾಡಿ, ಮೇಲೆ ತನ್ನ ಹೆಸರನ್ನು ತಾನೇ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದಾಳೆ. ಅಚ್ಚು ಹಾಕುವವರು ಯಾರೂ ಸಿಕ್ಕಿಲ್ಲ. ನಾನು ಓದಿದೆ. ಹೊಸ ಗ್ರಹದಲ್ಲಿ ನೌಕೆಯ ಬಾಗಿಲು ತೆರೆಯುತ್ತದೆ. ಹೆಲ್ಮೆಟ್ ಇಲ್ಲ, ತಲೆಗೆ ಪಟಗ ಸುತ್ತಿದ ಮುದುಕನೊಬ್ಬ ಬರಿಗಾಲಲ್ಲಿ ಇಳಿಯುತ್ತಾನೆ. ಉಸಿರು ಹೇಗಾಡುತ್ತಾನೆಂದು ನಾನು ಕೇಳಲಿಲ್ಲ. ಅಜ್ಜ ಬುಟ್ಟಿಯನ್ನು ಕೆಳಗಿಟ್ಟ, ಕೈತುಂಬ ತಗೊಂಡ, ಯಾರ ಅಪ್ಪಣೆಗೂ ಕಾಯದೆ ನಾಲ್ಕೂ ದಿಕ್ಕಿಗೆ ಚೆಲ್ಲಿದ.